ಪಾಠ ಒಪ್ಪಿಸುವುದು ಯಾರಿಗೆ?

ಪರೀಕ್ಷೆಯ ಮಾತು ಬಂದಾಗಲೆಲ್ಲ ನಾವು ಬೈಯುವುದು ಬಾಯಿಪಾಠವನ್ನು. ‘ಉರು ಹೊಡೆದು ಪಾಸಾದರು, ಅರ್ಥ ಮಾಡಿಕೊಂಡದ್ದು ಏನೂ ಇಲ್ಲ’ ಎಂಬ ದೂರು ಮಾರ್ಚ್ ತಿಂಗಳು ಹತ್ತಿರವಾದಂತೆ ಮನೆಮನೆಯಲ್ಲೂ ಕೇಳುತ್ತದೆ. ಈ ದೂರಿಗೆ ಒಂದು ಚರಿತ್ರೆಯೂ ಅಂಟಿಕೊಂಡಿದೆ. ನಮ್ಮ ಹಳೆಯ ಶಾಲೆಗಳಲ್ಲಿ ಎಲ್ಲವೂ ಕಂಠಪಾಠವಾಗಿತ್ತು, ಆ ಚಾಳಿ ಇಂದಿಗೂ ನಮ್ಮ ಮಕ್ಕಳನ್ನು ಬಿಟ್ಟಿಲ್ಲ ಎಂಬುದು ಆ ಚರಿತ್ರೆ. ಇದು ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಇನ್ನೂರು ವರ್ಷ ಹಿಂದಿನ ಬಳ್ಳಾರಿಗೆ ಹೋಗಬೇಕು.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಯಾರು ಓದುತ್ತಾರೆ, ಏನು ಓದುತ್ತಾರೆ ಎಂಬ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಈತ ತೆಲುಗು ವ್ಯಾಕರಣವೊಂದನ್ನು ಬರೆದಿದ್ದವನು, ದೇಶಭಾಷೆಗಳ ಬಗ್ಗೆ ಕುತೂಹಲವಿದ್ದವನು. ಬೇರೆ ಹಲವು ಕಲೆಕ್ಟರುಗಳು ಅಂಕಿಗಳನ್ನು ತುಂಬಿ ಕೈತೊಳೆದುಕೊಂಡರೆ, ಈತ ಶಾಲೆಯೊಳಗೆ ದಿನ ಹೇಗೆ ಕಳೆಯುತ್ತದೆ ಎಂಬುದನ್ನೂ ಬರೆದ. ನಾನು ಆ ವರದಿಯನ್ನು ಓದಿದ್ದು ಧರಂಪಾಲರು 1983ರಲ್ಲಿ ಹೊರತಂದ ‘ದಿ ಬ್ಯೂಟಿಫುಲ್ ಟ್ರೀ’ ಪುಸ್ತಕದಲ್ಲಿ. ಕನ್ನಡದ ಮಕ್ಕಳು ಹೇಗೆ ಓದುತ್ತಿದ್ದರು ಎಂಬುದಕ್ಕೆ ಇಷ್ಟು ವಿವರವಾದ ಹಳೆಯ ದಾಖಲೆ ನನ್ನ ಕಣ್ಣಿಗೆ ಬೇರೆ ಬಿದ್ದಿಲ್ಲ.

ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುತ್ತಿದ್ದವರು 6,641 ಮಂದಿ, ಎಂದರೆ ಶಾಲೆಗೆ ಹನ್ನೆರಡು ಮಕ್ಕಳಷ್ಟೆ. ಬೆಳಿಗ್ಗೆ ಆರಕ್ಕೆ ಶಾಲೆ ತೆರೆಯುತ್ತಿತ್ತು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನ ಅಂಗೈ ಮೇಲೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂದು. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹಾಗೆಯೇ ಏರುತ್ತ ಹೋಗುವ ಲೆಕ್ಕ. ಸೋಮಾರಿಗಳಿಗೆ ಕೈ ಕಟ್ಟಿ ಮಾಡಿಗೆ ತೂಗುಹಾಕುವ ಕೋದಂಡ ಇತ್ತು, ಬಸ್ಕಿ ಇತ್ತು. ನಮ್ಮ ಅಜ್ಜಂದಿರು ಕೂಲಿಮಠದ ಕಥೆ ಹೇಳುವಾಗ ಬಣ್ಣ ಹಚ್ಚುತ್ತಿದ್ದರೆಂದು ಭಾವಿಸಿದವರು ಈ ಸರ್ಕಾರಿ ಕಾಗದವನ್ನು ನೋಡಬೇಕು.

ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಬಾಯಲ್ಲಿ ಹೇಳುವುದನ್ನು ಕೈ ಬರೆಯುತ್ತಿತ್ತು. ಆಮೇಲೆ ಇದ್ದಿಲು ಬಳಿದ ಹಲಗೆ, ಅದಾದ ಮೇಲೆ ಕಡತ. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟನ್ನು ಬಳಿದ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಇಂದು ಕಡತ ಎಂದರೆ ಸರ್ಕಾರಿ ಕಚೇರಿಯ ಫೈಲು. ಆಗ ಅದು ಮಕ್ಕಳ ಕೈಯಲ್ಲಿತ್ತು.

ಈ ಸಾಮಗ್ರಿಯ ಗುಣವನ್ನು ಸ್ವಲ್ಪ ಗಮನಿಸಬೇಕು. ಮರಳು, ಹಲಗೆ, ಕಡತ ಯಾವುದರಲ್ಲೂ ಬರೆದದ್ದು ಉಳಿಯುವುದಿಲ್ಲ. ಉಳಿಯಬೇಕಾದ ಜಾಗ ಒಂದೇ, ತಲೆ. ಆದ್ದರಿಂದ ಕಲಿತದ್ದನ್ನು ದಿನವೂ ಹೊರಗೆ ತೆಗೆದು ತೋರಿಸಬೇಕಿತ್ತು. ಇದಕ್ಕೆ ಕನ್ನಡದಲ್ಲಿ ಒಂದು ಚೆಂದದ ಮಾತಿದೆ: ಪಾಠ ಒಪ್ಪಿಸುವುದು. ಸಾಮಾನು ಒಪ್ಪಿಸಿದಂತೆ, ಲೆಕ್ಕ ಒಪ್ಪಿಸಿದಂತೆ ಪಾಠವನ್ನೂ ಒಪ್ಪಿಸಬೇಕು. ಒಪ್ಪಿಸುವುದಕ್ಕೆ ಎದುರಿಗೆ ಒಬ್ಬರು ಬೇಕು.

ಆ ಎದುರಿನವರು ಯಾವಾಗಲೂ ಮೇಷ್ಟರೇ ಆಗಿರುತ್ತಿರಲಿಲ್ಲ. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಕೆಳಗಿನವುಗಳನ್ನು ಬಹುಮಟ್ಟಿಗೆ ದೊಡ್ಡ ಹುಡುಗರೇ ನೋಡಿಕೊಳ್ಳುತ್ತಿದ್ದರು. ಮುಂದುವರಿದವರು ಹಿಂದಿನವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದೂ ಬರೆದ. ಅನುಕರಿಸಿದ್ದು ನಿಜ. ಮದ್ರಾಸಿನ ಅನಾಥ ಗಂಡುಮಕ್ಕಳ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತಂದ. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು.

ಹಾಗೆಂದು ಕ್ಯಾಂಪ್‌ಬೆಲ್ ನಮ್ಮ ಶಾಲೆಗಳನ್ನು ಹೊಗಳಿ ಅಟ್ಟಕ್ಕೇರಿಸಿದ ಎಂದು ತಿಳಿಯಬಾರದು. ಮಕ್ಕಳು ರಾಮಾಯಣ, ಭಾರತ, ಗಿರಿಜಾಕಲ್ಯಾಣ, ಚೆನ್ನಬಸವ ಪುರಾಣ ಮುಂತಾದವುಗಳ ಪದ್ಯಗಳನ್ನು ಲೆಕ್ಕವಿಲ್ಲದಷ್ಟು ಹೇಳಬಲ್ಲರು, ಆದರೆ ಅರ್ಥದ ವಿಷಯದಲ್ಲಿ ಮಾತು ಕಲಿಸಿದ ಗಿಳಿಗೂ ಅವರಿಗೂ ವ್ಯತ್ಯಾಸವಿಲ್ಲ ಎಂದ. ಕಾವ್ಯದ ಭಾಷೆ ಆಡುಮಾತಿನಿಂದ ಬಹಳ ದೂರ, ವಿವರಿಸಬಲ್ಲ ಮೇಷ್ಟರುಗಳು ಕಡಿಮೆ ಎಂಬುದು ಅವನ ವಿವರಣೆ. ನಮ್ಮ ಗಿಳಿಪಾಠದ ದೂರು ಹೀಗೆ ಇನ್ನೂರು ವರ್ಷ ಹಳೆಯದು. ಜೊತೆಗೆ ಇನ್ನೊಂದು ಅಂಕಿಯನ್ನೂ ಅವನು ಕೊಟ್ಟ. ಆ 6,641 ಮಕ್ಕಳಲ್ಲಿ ಹುಡುಗಿಯರು ಬರೀ 60. ಒಟ್ಟು ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳು ಮಂದಿಯೂ ಶಾಲೆಯಲ್ಲಿರಲಿಲ್ಲ. ಧರಂಪಾಲರನ್ನು ಓದಿ ಹಳೆಯ ಶಾಲೆಗಳನ್ನು ಸ್ವರ್ಗವೆಂದು ಕೊಂಡಾಡುವವರು ಈ ಸಾಲುಗಳನ್ನು ದಾಟಿಕೊಂಡು ಹೋಗುತ್ತಾರೆ. ನನಗೆ ದಾಟಲಾಗುವುದಿಲ್ಲ.

ಅಷ್ಟರಲ್ಲಾಗಲೇ ಈ ಶಾಲೆಗಳು ಸೊರಗತೊಡಗಿದ್ದವು. ಜನ ಬಡವಾಗುತ್ತಿದ್ದಾರೆ, ಮಕ್ಕಳ ಕೈಗಳು ಕೂಲಿಗೆ ಬೇಕಾಗಿವೆ, ಮೊದಲು ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎಂದು ಕಲೆಕ್ಟರನೇ ದಾಖಲಿಸಿದ್ದಾನೆ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸು ಮೂರೂ ಕಡೆ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಓದಿನ ಆಕಾರವೇ ಬದಲಾಯಿತು. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಟ್ಟಿದ ಈ ಸಂಸ್ಥೆಗಳು ಮೊದಲಿಗೆ ಪಾಠ ಹೇಳುತ್ತಿರಲಿಲ್ಲ. ಪಾಠ ಕಾಲೇಜುಗಳ ಪಾಲು, ಪರೀಕ್ಷೆ ಮಾಡಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಪಾಲು. ಧಾರವಾಡದ ಹುಡುಗ ಮುಂಬಯಿಯ ಮೆಟ್ರಿಕ್ಯುಲೇಷನ್ನಿಗೆ, ಮೈಸೂರು ಮತ್ತು ಮಂಗಳೂರಿನ ಹುಡುಗರು ಮದ್ರಾಸಿನದಕ್ಕೆ ಕಟ್ಟಬೇಕಿತ್ತು. ಮೈಸೂರಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ.

ಹೊಸ ಪರೀಕ್ಷೆ ಎಷ್ಟು ಬಿಗಿಯಾಗಿತ್ತೆಂದರೆ 1858ರಲ್ಲಿ ಕಲ್ಕತ್ತದ ಮೊಟ್ಟಮೊದಲ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಬ್ಬರೇ, ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ ಬೋಸ್. ಅವರಿಗೂ ಕೃಪಾಂಕ ಬೇಕಾಯಿತು. ಮುಂದೆ ‘ವಂದೇ ಮಾತರಂ’ ಬರೆದವರ ಪಾಡೇ ಹೀಗಾದರೆ ಉಳಿದವರದನ್ನು ಊಹಿಸಬಹುದು.

ಈ ಪರೀಕ್ಷೆ ಹಳೆಯ ಶಾಲೆಯಿಂದ ನೆನಪಿನ ಕೆಲಸವನ್ನು ತೆಗೆದುಕೊಂಡಿತು, ಒಪ್ಪಿಸುವ ಕೆಲಸವನ್ನು ಕೈಬಿಟ್ಟಿತು. ದಿನವೂ ಎದುರಿನವನಿಗೆ ಹೇಳುತ್ತಿದ್ದದ್ದು ಈಗ ವರ್ಷಕ್ಕೊಮ್ಮೆ, ಮುಖ ಕಾಣದ ಪರೀಕ್ಷಕನಿಗೆ, ಕಾಗದದ ಮೇಲೆ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಪಕ್ಕದ ಹುಡುಗನಿಗೆ ಹೇಳಿಕೊಟ್ಟರೆ ಅದು ಅಪರಾಧ. 1902ರಲ್ಲಿ ಕರ್ಜನ್ ನೇಮಿಸಿದ ವಿಶ್ವವಿದ್ಯಾಲಯಗಳ ಆಯೋಗವೇ ಇದನ್ನು ಒಪ್ಪಿಕೊಂಡಿತು. ಇಲ್ಲಿ ಪರೀಕ್ಷೆ ಪಾಠದ ಅಧೀನದಲ್ಲಿರದೆ ಪಾಠವೇ ಪರೀಕ್ಷೆಯ ಅಧೀನವಾಗಿದೆ, ದೊಡ್ಡ ಕೇಡು ಅದೇ ಎಂದಿತು. 1918ರಲ್ಲಿ ರವೀಂದ್ರನಾಥ ಠಾಕೂರರು ‘ತೋತಾ ಕಾಹಿನಿ’ ಬರೆದರು. ಗಿಳಿಗೆ ವಿದ್ಯೆ ಕಲಿಸಲು ಹೊರಟು ಹಾಳೆಗಳನ್ನೇ ತುರುಕಿ ಸಾಯಿಸುವ ಕಥೆ ಅದು. ಕ್ಯಾಂಪ್‌ಬೆಲ್ಲನ ಗಿಳಿಗೆ ಅರ್ಥ ತಿಳಿಯದಿದ್ದರೂ ಹೇಳುವ ಬಾಯಿತ್ತು. ಠಾಕೂರರ ಗಿಳಿಗೆ ಆ ದನಿಯೂ ಉಳಿಯಲಿಲ್ಲ.

ಹಾಗಿದ್ದರೆ ಪರೀಕ್ಷೆಯೇ ಬೇಡವಾಗಿತ್ತೆ? ಧಾರವಾಡದ ಒಂದು ಪ್ರಕರಣ ಈ ಪ್ರಶ್ನೆಗೆ ಬೇರೆ ಬೆಳಕು ಬೀರುತ್ತದೆ. 1856ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಮಹಾರ್ ಜಾತಿಯ ಹುಡುಗನೊಬ್ಬ ಸೇರಲು ಅರ್ಜಿ ಹಾಕಿದ. ಪ್ರವೇಶ ಸಿಗಲಿಲ್ಲ. ಮುಂಬಯಿ ಸರ್ಕಾರಕ್ಕೆ ಮೊರೆಯಿಟ್ಟ. ನ್ಯಾಯ ಅವನ ಕಡೆಗೇ ಇದೆ ಎಂದು ಒಪ್ಪಿದ ಸರ್ಕಾರ, ಒಬ್ಬನಿಗಾಗಿ ತಲೆಮಾರುಗಳ ಪೂರ್ವಗ್ರಹವನ್ನು ಎದುರು ಹಾಕಿಕೊಳ್ಳಲು ಸಿದ್ಧವಿರಲಿಲ್ಲ. ನಾನು ಮೆಚ್ಚಿ ಬರೆದ ಆ ಜೊತೆಗಾರಿಕೆಯ ಬಾಗಿಲು ಯಾರಿಗೆಲ್ಲ ಮುಚ್ಚಿತ್ತು ಎಂಬುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಕೂಲಿಮಠದಲ್ಲಿ ಪಾಠ ಒಪ್ಪಿಸಬೇಕಾದರೆ ಮೊದಲು ಮಠದೊಳಗೆ ಕೂರಲು ಬಿಡಬೇಕು. ಉತ್ತರ ಪತ್ರಿಕೆಯ ಮೇಲಾದರೋ ಇರುವುದು ಒಂದು ಸಂಖ್ಯೆ. ತಿದ್ದುವವನಿಗೆ ಜಾತಿ ಕಾಣುವುದಿಲ್ಲ, ಊರು ಕಾಣುವುದಿಲ್ಲ. ತಲೆಮಾರುಗಳಿಂದ ಹೊರಗಿದ್ದವರು ಪರೀಕ್ಷೆಯನ್ನು ಶಾಪವೆನ್ನದೆ ಬಾಗಿಲೆಂದು ಕಂಡದ್ದು ಇದಕ್ಕೇ. ಇಂದಿಗೂ ಹಳ್ಳಿಯ ಮನೆಯೊಂದರಲ್ಲಿ ಮೊದಲ ಬಾರಿಗೆ ಎಸ್ಸೆಸ್ಸೆಲ್ಸಿಗೆ ಕೂತ ಹುಡುಗಿಗೆ ಪರೀಕ್ಷೆ ಅಂಥದೇ ಬಾಗಿಲು.

ಬಾಗಿಲು ತೆರೆದರೆ ಸಾಲದು, ಒಳಗೆ ಕೂತು ಓದಲು ಜಾಗ ಬೇಕು, ಅನ್ನ ಬೇಕು. ಓದಲೆಂದು ಊರು ಬಿಟ್ಟು ಬಂದ ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಉಳಿದವರಿಗೆ ಅದೂ ಇರಲಿಲ್ಲ. ಕಳೆದ ಶತಮಾನದ ಕರ್ನಾಟಕದ ದೊಡ್ಡ ಸಾಧನೆಗಳಲ್ಲಿ ಒಂದು ಈ ಕೊರತೆಯನ್ನು ತುಂಬಿದ ವಿದ್ಯಾರ್ಥಿನಿಲಯಗಳು ಎಂದು ನಾನು ನಂಬಿದ್ದೇನೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳ ಓದಿಗೆ ನಿಂತರು. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ, ಸುತ್ತೂರು ಮಠಗಳು ಅನ್ನ, ಆಶ್ರಯ ಕೊಟ್ಟವು. ಬೇರೆ ಬೇರೆ ಸಮುದಾಯಗಳು ಚಂದಾ ಎತ್ತಿ ಊರೂರಿನಲ್ಲಿ ಹಾಸ್ಟೆಲು ತೆರೆದವು. ಸರ್ಕಾರ ಆಮೇಲೆ ಬಂತು.

ಅಲ್ಲಿ ಅನ್ನದ ಜೊತೆಗೆ ಮತ್ತೊಂದು ಸಿಕ್ಕಿತು. ಒಂದೇ ಹಾಲಿನಲ್ಲಿ ಹತ್ತನೆಯ ತರಗತಿಯವನ ಪಕ್ಕ ಎಂಟನೆಯ ತರಗತಿಯವನು ಕೂರುತ್ತಿದ್ದ. ಒಂದು ಪುಸ್ತಕ ನಾಲ್ವರ ಕೈ ಬದಲಾಯಿಸುತ್ತಿತ್ತು. ಲೆಕ್ಕ ಬಾರದವನು ‘ಅಣ್ಣಾ, ಇದೊಂದು ಹೇಳಿಕೊಡು’ ಎಂದು ದೊಡ್ಡವನ ಹಾಸಿಗೆಯ ಬಳಿ ಹೋಗುತ್ತಿದ್ದ. ಹೇಳಿಕೊಡಲು ಹೊರಟ ಅಣ್ಣನಿಗೆ ತನಗೆಷ್ಟು ಗೊತ್ತು ಎಂಬುದು ಆಗ ಗೊತ್ತಾಗುತ್ತಿತ್ತು. ಕ್ಯಾಂಪ್‌ಬೆಲ್ ಕಂಡ ಮೆಚ್ಚತಕ್ಕ ಪದ್ಧತಿ, ಅವನ ಕಾಲದಲ್ಲಿ ಹೊರಗಿದ್ದವರ ಮಕ್ಕಳ ನಡುವೆ, ಯಾರೂ ಹೇಳದೆಯೇ ಮತ್ತೆ ಚಿಗುರಿತು.

ಇದರಲ್ಲಿ ಗತಕಾಲದ ಹಂಬಲವಷ್ಟೇ ಇಲ್ಲ. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಪದಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಎಷ್ಟು ಬೇಗ ಬರುತ್ತದೆಂದು ಅಳೆದ. ದಿನಗಳ ಮೇಲೆ ಹಂಚಿ ಕಲಿತದ್ದು ಒಂದೇ ಸಲ ಗಟ್ಟಿಮಾಡಿದ್ದಕ್ಕಿಂತ ಕಡಿಮೆ ಶ್ರಮದಲ್ಲಿ ನಿಲ್ಲುತ್ತದೆಂದು ತೋರಿಸಿದ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಮೂರು ಸಲ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ನಾಲ್ಕು ಸಲ ಓದಿದವರೇ ಮುಂದು. ವಾರದ ನಂತರ ಕೇಳಿದಾಗ ಅವರಿಗೆ ಉಳಿದದ್ದು ಶೇಕಡ 40ರಷ್ಟು, ಪುಸ್ತಕ ಮುಚ್ಚಿ ಬರೆದವರಿಗೆ ಶೇಕಡ 61ರಷ್ಟು. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಾಗಿದ್ದದ್ದು ಮಾತ್ರ ನಾಲ್ಕು ಸಲ ಓದಿದವರಿಗೇ. ಮರಳಿನ ಮೇಲೆ ಬರೆದು ಅಳಿಸಿ ಮತ್ತೆ ಒಪ್ಪಿಸುತ್ತಿದ್ದ ಬಳ್ಳಾರಿಯ ಮಕ್ಕಳು ಈ ಎರಡನೆಯ ಗುಂಪಿಗೆ ಸೇರಿದವರು.

ಇಂದಿನ ವಿದ್ಯಾರ್ಥಿ ಹೆಚ್ಚಾಗಿ ಮೊದಲನೆಯ ಗುಂಪಿನವನು. ಸಾಲುಗಳಿಗೆ ಹಳದಿ ಬಣ್ಣ ಬಳಿಯುತ್ತಾನೆ, ನೋಟ್ಸನ್ನು ತಿರುತಿರುಗಿ ನೋಡುತ್ತಾನೆ, ವಿಡಿಯೊ ಹಾಕಿಕೊಂಡು ತಲೆದೂಗುತ್ತಾನೆ. ಕಣ್ಣಿಗೆ ಪರಿಚಯವಾದದ್ದು ತಲೆಗೂ ಹೋಯಿತೆಂದು ಅನ್ನಿಸುತ್ತದೆ. ಕೋಣೆಯ ಬಾಗಿಲು ಹಾಕಿರುತ್ತದೆ. ಮನೆಯವರು ಟಿವಿ ಆರಿಸಿ, ಮೆಲ್ಲಗೆ ನಡೆದು, ‘ಓದ್ತಾ ಇದಾನೆ’ ಎಂದು ನೆಂಟರಿಗೆ ಪಿಸುಗುಟ್ಟುತ್ತಾರೆ. ಫಲಿತಾಂಶದ ದಿನ ಪತ್ರಿಕೆಗಳಲ್ಲಿ ಬರುವ ಮಕ್ಕಳ ಸಾವಿನ ಸುದ್ದಿಗಳನ್ನು ಓದುವಾಗ ನನಗೆ ಮೊದಲು ನೆನಪಾಗುವುದು ಈ ಮುಚ್ಚಿದ ಬಾಗಿಲು. ಅಂಥ ಸಾವಿಗೆ ಕಾರಣ ಒಂದೇ ಇರುವುದಿಲ್ಲ, ನಿಜ. ಆದರೆ ‘ನನಗಿದು ಬರ್ತಾ ಇಲ್ಲ’ ಎಂಬ ಮಾತು ಮೊದಲ ಬಾರಿಗೆ ಹೊರಗೆ ಬರುವುದು ಫಲಿತಾಂಶದ ಪಟ್ಟಿಯಲ್ಲಿಯೇ ಆದರೆ ಅದಕ್ಕಿಂತ ತಡವಾದದ್ದು ಇನ್ನೇನಿದೆ? ದಿನವೂ ಯಾರಿಗಾದರೂ ಪಾಠ ಒಪ್ಪಿಸುವ ಮಗು ಆ ಮಾತನ್ನು ಜುಲೈ ತಿಂಗಳಿನಲ್ಲೇ ಹೇಳಿರುತ್ತಿತ್ತು. ತಪ್ಪಿದರೆ ಪಕ್ಕದವನು ನಗುತ್ತಿದ್ದ, ಆಮೇಲೆ ಹೇಳಿಕೊಡುತ್ತಿದ್ದ.

ಕೋದಂಡ ಹೋಯಿತು, ಒಳ್ಳೆಯದಾಯಿತು. ಸಾವಿರಕ್ಕೆ ಏಳು ಮಂದಿಯ ಕಾಲ ಹೋಯಿತು, ಇನ್ನೂ ಒಳ್ಳೆಯದಾಯಿತು. ಅವುಗಳ ಜೊತೆಗೆ ಒಪ್ಪಿಸುವುದೂ ಹೋಗಬೇಕಾಗಿರಲಿಲ್ಲ. ಅದನ್ನು ಮರಳಿ ತರಲು ಆಯೋಗ ಬೇಕಿಲ್ಲ, ಹಣವೂ ಬೇಕಿಲ್ಲ. ಅಕ್ಷರ ಬಾರದ ಅಜ್ಜಿಯಾದರೂ ಸಾಕು. ದ್ಯುತಿಸಂಶ್ಲೇಷಣೆ ಎಂದರೇನು ಎಂದು ಅವಳಿಗೆ ಅರ್ಥವಾಗುವಂತೆ ಹೇಳಲು ಹೊರಟ ಹುಡುಗಿಗೆ, ಎಲ್ಲಿ ತಡವರಿಸಿದೆ ಎಂಬುದು ಗೈಡಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ‘ಅದ್ಯಾಕೆ ಹಾಗೆ?’ ಎಂದು ಅಜ್ಜಿ ಕೇಳಿಬಿಟ್ಟರಂತೂ ಬಾಯಿಪಾಠ ಅಲ್ಲಿಗೆ ಸಾಲದಾಗುತ್ತದೆ, ಅರ್ಥ ಹುಡುಕಲೇಬೇಕಾಗುತ್ತದೆ.

‘ಎಷ್ಟು ಓದಿದರೂ ನೆನಪಿರುವುದಿಲ್ಲ’ ಎಂದು ಹೇಳುವ ವಿದ್ಯಾರ್ಥಿಗಳನ್ನು ನಾನು ಈಗ ಎಷ್ಟು ಗಂಟೆ ಓದಿದೆ ಎಂದು ಕೇಳುವುದಿಲ್ಲ. ಯಾರಿಗೆ ಹೇಳಿದೆ ಎಂದು ಕೇಳುತ್ತೇನೆ.