ಮೂರು ತಿಂಗಳ ವಾಸ: ಮೌನವೋ, ಮಾತೋ?

ಬೌದ್ಧ ವಿಹಾರದಲ್ಲಿ ಮೂರು ತಿಂಗಳ ವಾಸ ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ಮುಚ್ಚಿದ ಕಣ್ಣು, ಕದಲದ ಮೈ, ಆಳವಾದ ಮೌನ, ಅಲ್ಲವೇ? ಇದರಲ್ಲಿ ನಿಮ್ಮ ತಪ್ಪಿಲ್ಲ. ನನ್ನಂಥ ನಿರ್ಮಾಪಕರು ಬಹುಮಟ್ಟಿಗೆ ತೋರಿಸಿದ್ದೂ ಅದನ್ನೇ. ಹಳೆಯ ದಾಖಲೆಗಳು ಹೇಳುವುದು ಮಾತ್ರ ಬೇರೆಯೇ.

ಈ ವಾಸಕ್ಕೆ ವರ್ಷಾವಾಸ ಎಂದು ಹೆಸರು. ಆಷಾಢ ಹುಣ್ಣಿಮೆಯ ಮರುದಿನದಿಂದ ಮೂರು ತಿಂಗಳು ಭಿಕ್ಷುಗಳು ಊರೂರು ಅಲೆಯದೆ ಒಂದೆಡೆ ನಿಲ್ಲಬೇಕು. ಚೀನೀ ಭಿಕ್ಷುಗಳು ಇದನ್ನು 'ಬೇಸಿಗೆಯ ವಾಸ' ಎಂದೇ ಕರೆದರು. ಈ ನಿಯಮ ಹುಟ್ಟಿದ್ದು ಜನರ ದೂರಿನಿಂದ ಎಂದು ವಿನಯಪಿಟಕದ ಮಹಾವಗ್ಗ ಹೇಳುತ್ತದೆ. ಬುದ್ಧ ರಾಜಗೃಹದ ವೇಣುವನದಲ್ಲಿದ್ದಾಗ ಜನ ಗೊಣಗಿದರಂತೆ: ಮಳೆಗಾಲದಲ್ಲಿ ಹಕ್ಕಿಗಳೂ ಗೂಡು ಕಟ್ಟಿ ಕೂರುತ್ತವೆ; ಈ ಭಿಕ್ಷುಗಳೋ ಹಸಿರು ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತ ತಿರುಗುತ್ತಾರೆ! ಬುದ್ಧ ಆ ಮಾತನ್ನು ಒಪ್ಪಿಕೊಂಡ. ನಿಯಮದಲ್ಲಿ ಮನುಷ್ಯತ್ವಕ್ಕೂ ಜಾಗವಿತ್ತು. ತಾಯಿಗೋ ತಂದೆಗೋ ಕಾಯಿಲೆಯಾದರೆ ಏಳು ದಿನದೊಳಗೆ ಹೋಗಿಬರಬಹುದಿತ್ತು.

ಅಲ್ಲಿನ ದಿನಚರಿ ಹೇಗಿತ್ತು? ಇದಕ್ಕೆ 7ನೇ ಶತಮಾನದ ಕೊನೆಯಲ್ಲಿ ಸುಮಾರು ಹತ್ತು ವರ್ಷ ನಾಲಂದದಲ್ಲಿದ್ದ ಚೀನೀ ಯಾತ್ರಿಕ ಇತ್ಸಿಂಗನನ್ನೇ ಕೇಳೋಣ. ಅಲ್ಲಿ ಆಗ ಮೂರು ಸಾವಿರಕ್ಕೂ ಹೆಚ್ಚು ಭಿಕ್ಷುಗಳಿದ್ದರು. ವರ್ಷಾವಾಸಕ್ಕೆ ಮುಂಚೆ ಸಂಘವೇ ಕೋಣೆಗಳನ್ನು ಹಂಚುತ್ತಿತ್ತು. ಹಿರಿಯರಿಗೆ ಒಳ್ಳೆಯ ಕೋಣೆ, ಆಮೇಲೆ ಕ್ರಮವಾಗಿ ಕಿರಿಯರಿಗೆ. ಪ್ರತಿ ವರ್ಷವೂ ಹೊಸದಾಗಿ ಹಂಚಿಕೆ. ಇದರಿಂದ 'ನನ್ನದು' ಎಂಬ ಭಾವ ಕಡಿಮೆಯಾಗುತ್ತದೆ, ಕೋಣೆಗಳೂ ಹಾಳಾಗುವುದಿಲ್ಲ ಎಂಬುದು ಇತ್ಸಿಂಗನ ವಿವರಣೆ. ಬೆಳಿಗ್ಗೆ ಗಂಟೆ ಬಾರಿಸಿದೊಡನೆ ಭಿಕ್ಷುಗಳು ಸ್ನಾನದ ಬಟ್ಟೆ ಹಿಡಿದು ನೂರಾರು ಮಂದಿ ಒಟ್ಟಾಗಿ ಕೊಳಗಳಿಗೆ ಹೊರಡುತ್ತಿದ್ದರು. ಕುಡಿಯುವ ನೀರನ್ನು, ಅದರಲ್ಲಿನ ಹುಳುಗಳು ಸಾಯಬಾರದೆಂದು ಬಟ್ಟೆಯಲ್ಲಿ ಸೋಸುತ್ತಿದ್ದರು.

ಮಧ್ಯಾಹ್ನ ಕಳೆದ ಮೇಲೆ ಊಟವಿಲ್ಲ ಎಂಬುದು ಭಿಕ್ಷುಗಳ ಕಟ್ಟುಪಾಡು. ಮೋಡ ಮುಚ್ಚಿದ ದಿನ ಮಧ್ಯಾಹ್ನವಾದದ್ದು ತಿಳಿಯುವುದು ಹೇಗೆ? ವಿಜ್ಞಾನ ಓದಿದ ನನಗೆ ಇಲ್ಲಿನ ಉಪಾಯ ಬಹಳ ಹಿಡಿಸಿತು. ನೀರು ತುಂಬಿದ ತಾಮ್ರದ ಪಾತ್ರೆಯಲ್ಲಿ, ತಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುವ ಬಟ್ಟಲೊಂದನ್ನು ತೇಲಿಬಿಡುತ್ತಿದ್ದರು. ನೀರು ಒಳನುಗ್ಗಿ ಬಟ್ಟಲು ಮುಳುಗಿದಾಗ ನಗಾರಿ ಬಾರಿಸುತ್ತಿದ್ದರು. ಬಟ್ಟಲು ಅದೇ, ರಂಧ್ರವೂ ಅದೇ. ಆದ್ದರಿಂದ ಪ್ರತಿ ಮುಳುಗಿಗೂ ಬೇಕಾಗುವ ಸಮಯ ಹೆಚ್ಚುಕಡಿಮೆ ಒಂದೇ. ನಮ್ಮ ಹಿರಿಯರು ಮದುವೆಯ ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲನ್ನು ನೆನೆಸಿಕೊಳ್ಳಿ. ಬೆಳಗಿನಿಂದ ಎಂಟನೆಯ ಬಾರಿ ಬಟ್ಟಲು ಮುಳುಗಿದರೆ ಮಧ್ಯಾಹ್ನ. ನಗಾರಿ, ಶಂಖ ಮೊಳಗಿದ ಮೇಲೆ ಯಾರೂ ತುತ್ತು ಎತ್ತುವಂತಿಲ್ಲ.

ಕೋಣೆ, ನೀರು, ಹೊತ್ತು ಎಲ್ಲವೂ ಎಲ್ಲರದು. ಆದರೆ ಒಟ್ಟಿಗಿದ್ದರೆ ಜಗಳ ಬಾರದೇ? ಮಹಾವಗ್ಗದಲ್ಲೇ ಇದಕ್ಕೊಂದು ಪ್ರಸಂಗವಿದೆ. ಕೋಸಲ ದೇಶದಲ್ಲಿ ಕೆಲವು ಭಿಕ್ಷುಗಳು ಮನಸ್ತಾಪವೇ ಬೇಡವೆಂದು ಮೂರು ತಿಂಗಳೂ ಮಾತು ಬಿಟ್ಟರು. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಿ ನೀರಿಡುವುದು. ಕೊನೆಗೆ ಬಂದವನು ಎಲ್ಲವನ್ನೂ ಎತ್ತಿಟ್ಟು ಗುಡಿಸುವುದು. ನೀರಿನ ಕೊಡ ಭಾರವಾದರೆ ಕೈಸನ್ನೆಯಿಂದ ಇನ್ನೊಬ್ಬನನ್ನು ಕರೆಯುವುದು. ವಾಸ ಮುಗಿಸಿ ಶ್ರಾವಸ್ತಿಗೆ ಬಂದು, ಸುಖವಾಗಿದ್ದೆವು ಎಂದು ಬುದ್ಧನಿಗೆ ಹೆಮ್ಮೆಯಿಂದ ಹೇಳಿದರು.

ಬುದ್ಧ ಮೆಚ್ಚಲಿಲ್ಲ. ಇದು ದನಕುರಿಗಳು ಒಟ್ಟಿಗಿರುವ ರೀತಿ ಎಂದು ಗದರಿ, ಇಂಥ ಮೂಕವ್ರತವನ್ನೇ ನಿಷೇಧಿಸಿದ. ಅದರ ಬದಲಿಗೆ ಬಂದದ್ದು ಪವಾರಣೆ. ವಾಸದ ಕೊನೆಯ ದಿನ ಪ್ರತಿಯೊಬ್ಬನೂ, ಹಿರಿಯನಿಂದ ಮೊದಲುಗೊಂಡು, ಸಂಘದ ಮುಂದೆ ಕೈಮುಗಿದು ಬೇಡಿಕೊಳ್ಳಬೇಕು: ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಸಂಶಯವಾದರೂ ಬಂದಿದ್ದರೆ ದಯವಿಟ್ಟು ಹೇಳಿ. ಗಮನಿಸಿ, ಕೇಳಿಕೊಳ್ಳುವುದರಲ್ಲಿ ಹಿರಿಯನೇ ಮೊದಲು.

ನಮ್ಮ ಬೈಲಕುಪ್ಪೆ, ಮುಂಡಗೋಡುಗಳ ಟಿಬೆಟನ್ ಮಠಗಳಲ್ಲಿ ಈ ವಾಸದ ಸಂಪ್ರದಾಯ ಇಂದಿಗೂ ಉಳಿದಿದೆ. ಮುಂದೆ ಅತ್ತ ಹೋದಾಗ ಅಲ್ಲಿನ ಮೌನವನ್ನಷ್ಟೇ ನೋಡಿ ಬರಬೇಡಿ.

ಇದನ್ನೆಲ್ಲ ಓದಿದ ಮೇಲೆ ನಾನೂ ಒಂದು ಸಂಜೆ ಧ್ವನಿಮುದ್ರಣ ಮುಗಿಸಿ ನನ್ನ ತಂಡದವರನ್ನು ಕೇಳಿದೆ. ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಎಲ್ಲರಿಗಿಂತ ಕಿರಿಯ ಸಹಾಯಕ, "ಸರ್, ನೀವು ಗಡಿಯಾರ ನೋಡುತ್ತ ಅತಿಥಿಗಳ ಮಾತನ್ನು ಅರ್ಧಕ್ಕೇ ತಡೆಯುತ್ತೀರಿ" ಎಂದ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ನಮ್ಮ ನಡುವಿನ ಆ ಹತ್ತು ವರ್ಷಗಳ ಸೌಜನ್ಯ ಕೇವಲ ಮೂಕವ್ರತವಾಗಿತ್ತು ಎಂಬುದು ತಿಳಿಯಿತು. ನಿಮ್ಮ ಮನೆಯಲ್ಲೂ ಹಿರಿಯರು ನೀವಾಗಿದ್ದರೆ ಒಮ್ಮೆ ಕೇಳಿನೋಡಿ.