ಚೀನದ ಮೆರುಗು, ಜಪಾನಿನ ಪಿಂಗಾಣಿ, ಬಳ್ಳಾರಿಯ ಮಣ್ಣು

ಪಿಂಗಾಣಿ ಮತ್ತು ಮೆರುಗು

ಕಯೋಲಿನ್ ಎಂಬ ಬಿಳಿ ಜೇಡಿಮಣ್ಣಿಗೆ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿ ಬೆರೆಸಿ, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಪಿಂಗಾಣಿ ಸಿದ್ಧವಾಗುತ್ತದೆ. ತೆಳುವಾದ ಪಿಂಗಾಣಿಯಲ್ಲಿ ಬೆಳಕು ಹಾಯುತ್ತದೆ. ಬೆರಳಿನಿಂದ ತಟ್ಟಿದರೆ ಕಂಚಿನ ಬಟ್ಟಲಿನಂತೆ ನಾದ ಹೊಮ್ಮುತ್ತದೆ. ಅದರ ಮೇಲಿನ ನುಣುಪಾದ ಗಾಜಿನ ಪದರವೇ ಮೆರುಗು, ಅಂದರೆ ಗ್ಲೇಜ್. ಅರೆದ ಕಲ್ಲು, ಸುಣ್ಣ ಅಥವಾ ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಕದಡಿ, ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಆವಿಗೆಯ ಶಾಖಕ್ಕೆ ಈ ಲೇಪ ಕರಗಿ, ಆರಿದ ಮೇಲೆ ಗಾಜಾಗಿ ಅಂಟಿಕೊಳ್ಳುತ್ತದೆ.

ಬಣ್ಣ ಮೂಡುವ ಬಗೆ

ಮೆರುಗಿನ ಬಣ್ಣವನ್ನು ಲೋಹದ ಆಕ್ಸೈಡುಗಳು ಮತ್ತು ಆವಿಗೆಯೊಳಗಿನ ಗಾಳಿ ಸೇರಿ ನಿರ್ಧರಿಸುತ್ತವೆ. ಗಾಳಿಯನ್ನು ತಡೆದರೆ ಬೆಂಕಿಗೆ ಆಮ್ಲಜನಕ ಸಾಲದೆ, ಅದು ಲೇಪದಲ್ಲಿರುವ ಆಕ್ಸೈಡಿನಿಂದಲೇ ಆಮ್ಲಜನಕವನ್ನು ಸೆಳೆಯುತ್ತದೆ. ಈ ಕ್ರಿಯೆಗೆ ಅಪಕರ್ಷಣ ಎಂದು ಹೆಸರು. ಶೇ. 1ರಿಂದ 3ರಷ್ಟು ಕಬ್ಬಿಣದ ಆಕ್ಸೈಡ್ ಇರುವ ಮೆರುಗು ಹೀಗೆ ಸುಟ್ಟಾಗ ಹಸಿರು ಅಥವಾ ನೀಲಿ ಛಾಯೆಯ ಸೆಲಡಾನ್ ಆಗುತ್ತದೆ. ಗಾಳಿ ಧಾರಾಳವಾಗಿದ್ದಾಗ ಹಸಿರಾಗುವ ತಾಮ್ರದ ಮೆರುಗು, ಅಪಕರ್ಷಣದಲ್ಲಿ ಕೆಂಪಾಗುತ್ತದೆ.

ಚೀನದಿಂದ ಜಪಾನಿಗೆ

ಚೀನದ ಲಾಂಗ್‌ಕ್ವಾನ್ ಸೆಲಡಾನಿಗೂ, ಜಿಂಗ್‌ಡೆಜೆನ್ ನೀಲಿ-ಬಿಳಿ ಪಿಂಗಾಣಿಗೂ ಹೆಸರಾಗಿತ್ತು. ಜಪಾನಿನಲ್ಲಿ ಪಿಂಗಾಣಿ ತಯಾರಿಕೆ 17ನೇ ಶತಮಾನದ ಆರಂಭದಲ್ಲಿ ಅರಿತಾದಲ್ಲಿ ಮೊದಲಾಯಿತು. ಕೊರಿಯಾದಿಂದ ಬಂದ ಕುಂಬಾರ ಯಿ ಸಾಮ್‌ಪ್ಯೊಂಗ್ 1616ರಲ್ಲಿ ಅಲ್ಲಿ ಪಿಂಗಾಣಿಗೆ ಒದಗುವ ಕಲ್ಲನ್ನು ಗುರುತಿಸಿದನೆಂದು ಪರಂಪರೆ ಹೇಳುತ್ತದೆ. ನಬೆಶಿಮಾ ಅರಸು ಮನೆತನದ ಆಶ್ರಯದಲ್ಲಿದ್ದ ಒಕಾವಚಿಯ ಕುಂಬಾರರು ಸ್ಥಳೀಯ ಕಲ್ಲಿನಿಂದಲೇ ಸೆಲಡಾನ್ ಮೆರುಗನ್ನು ಪಡೆದರು. ಯೊಕೊಹಾಮಾದ ಮಿಯಾಗಾವಾ ಕೊಜಾನ್ (1842–1916) ಚೀನದ ಚಿಂಗ್ ಕಾಲದ ಮೆರುಗುಗಳನ್ನು ಅಭ್ಯಸಿಸಿ, ತಾಮ್ರಗೆಂಪು ಮೊದಲಾದ ಬಣ್ಣಗಳನ್ನು ತನ್ನ ಹೂದಾನಿಗಳಿಗೆ ತಂದನು. ಹೊರಗಿನಿಂದ ಬಂದ ವಿದ್ಯೆಯನ್ನು ಜಪಾನಿನ ಕುಂಬಾರರು ತಮ್ಮ ನೆಲದ ಕಲ್ಲುಮಣ್ಣಿಗೆ ಹೊಂದಿಸಿ ಬೆಳೆಸಿದರು.

ಬಳ್ಳಾರಿ ಸೀಮೆಯ ಸಾಕ್ಷ್ಯ

ಚೀನದ ಪಿಂಗಾಣಿ ಕರ್ನಾಟಕಕ್ಕೂ ಬಂದಿತ್ತು. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿಯ ಉತ್ಖನನಗಳಲ್ಲಿ ಅದರ ಚೂರುಗಳು ದೊರೆತಿವೆ. ಕಡಲ ವ್ಯಾಪಾರದಲ್ಲಿ ಪಶ್ಚಿಮ ಕರಾವಳಿಯನ್ನು ತಲುಪುತ್ತಿದ್ದ ಸರಕು ಘಟ್ಟ ಹತ್ತಿ ವಿಜಯನಗರದ ಸಿರಿವಂತರ ಮನೆ ಸೇರುತ್ತಿತ್ತು.

ಗಾಳಿಯನ್ನು ತಡೆದು ಬಣ್ಣ ಪಡೆಯುವ ವಿದ್ಯೆ ಈ ಸೀಮೆಯಲ್ಲಿ ಇನ್ನೂ ಪ್ರಾಚೀನವಾದುದು. ಬಳ್ಳಾರಿ ನಗರದ ಬಳಿಯ ಸಂಗನಕಲ್ಲು ಹಾಗೂ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಗಳಲ್ಲಿ ಬೂದುಬಣ್ಣದ ಮಡಕೆಗಳು ಹೇರಳವಾಗಿ ಸಿಕ್ಕಿವೆ. ತೆಕ್ಕಲಕೋಟೆಯ ಉತ್ಖನನ 1963–64ರಲ್ಲಿ ನಡೆಯಿತು. ಕಬ್ಬಿಣದ ಅಂಶವುಳ್ಳ ಮಣ್ಣು ಗಾಳಿಯಾಡುವ ಬೆಂಕಿಯಲ್ಲಿ ಕೆಂಪಾಗುತ್ತದೆ, ಗಾಳಿ ಕಡಿಮೆಯಾದರೆ ಬೂದು ಅಥವಾ ಕಪ್ಪಾಗುತ್ತದೆ. ಆ ಮಡಕೆಗಳಿಗೆ ಗಾಜಿನ ಮೆರುಗಾಗಲಿ, ಪಿಂಗಾಣಿಗೆ ಬೇಕಾದಷ್ಟು ಶಾಖವಾಗಲಿ ಇರಲಿಲ್ಲ. ಆದರೂ ತೆಕ್ಕಲಕೋಟೆಯ ಬೂದು ಮಡಕೆಗೂ ಒಕಾವಚಿಯ ಸೆಲಡಾನಿಗೂ ಬಣ್ಣ ಕೊಟ್ಟದ್ದು ಕಬ್ಬಿಣ ಮತ್ತು ಆಮ್ಲಜನಕಗಳ ಒಂದೇ ನಿಯಮ.