ಶುಶ್ರೂಷೆ

ಶುಶ್ರೂಷೆ (ನಾಮಪದ): ರೋಗಿಯ ಆರೈಕೆ, ಉಪಚಾರ, ಸೇವೆ.

ಸಂಸ್ಕೃತದ ‘ಶ್ರು’ ಧಾತುವಿಗೆ ಕೇಳು ಎಂದರ್ಥ. ಅದಕ್ಕೆ ಬಯಕೆಯನ್ನು ಸೂಚಿಸುವ ‘ಸನ್’ ಪ್ರತ್ಯಯ ಸೇರಿ ‘ಶುಶ್ರೂಷಾ’ ಆಗಿದೆ. ಜಿಜ್ಞಾಸೆ ತಿಳಿಯುವ ಬಯಕೆ, ಪಿಪಾಸೆ ಕುಡಿಯುವ ಬಯಕೆ. ಹಾಗೆಯೇ ಶುಶ್ರೂಷೆ ಕೇಳಿಸಿಕೊಳ್ಳುವ ಬಯಕೆ. ಗುರುಹಿರಿಯರ ಮಾತಿಗೆ ಕಿವಿಗೊಟ್ಟು ನಡೆಯುವುದು ಸೇವೆಯಾಯಿತು. ಆ ಸೇವೆಯ ಅರ್ಥ ರೋಗಿಯ ಆರೈಕೆಗೂ ಹಬ್ಬಿತು. ‘ಸುಶ್ರೂಷೆ’, ‘ಶುಶ್ರೂಶೆ’ ಎಂಬ ಬರಹಗಳು ತಪ್ಪು. ಶುಶ್ರೂಷಕ, ಶುಶ್ರೂಷಕಿ, ಶುಶ್ರೂಷಾಧಿಕಾರಿ ಇದರಿಂದ ಬಂದ ಪದಗಳು.

ಆಯುರ್ವೇದ ಗ್ರಂಥವಾದ ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು (ಆಧಾರಗಳನ್ನು) ಹೇಳುತ್ತದೆ: ವೈದ್ಯ, ಔಷಧ, ಶುಶ್ರೂಷೆ ಮಾಡುವ ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅಕ್ಕರೆ, ಶುಚಿತ್ವ ಇರಬೇಕು. ಆರೈಕೆ ಒಬ್ಬರ ಕೆಲಸವಲ್ಲ ಎಂಬ ಅರಿವು ಇಲ್ಲಿದೆ.

ಇಂದಿನ ಆಸ್ಪತ್ರೆಯಲ್ಲಿ ಶುಶ್ರೂಷೆ ಪದದ ‘ಕೇಳಿಸಿಕೊಳ್ಳುವ’ ಮೂಲಾರ್ಥ ಸಿಬ್ಬಂದಿಯ ನಡುವೆಯೂ ಸಲ್ಲುತ್ತದೆ. ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ಒಬ್ಬರು ಹೇಳಿ ಇನ್ನೊಬ್ಬರು ಗಮನವಿಟ್ಟು ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯ ಪ್ರಕಾರ, ಚರ್ಮ ಕೊಯ್ಯುವ ಮುನ್ನ ತಂಡದ ಎಲ್ಲರೂ ತಮ್ಮ ಹೆಸರು, ಹೊಣೆ ಹೇಳಿ ಪರಿಚಯಿಸಿಕೊಳ್ಳಬೇಕು. ಕಿರಿಯರ ಅನುಮಾನಕ್ಕೂ ಕಿವಿ ಸಿಕ್ಕಾಗ ತಪ್ಪು ಬೇಗ ಗೊತ್ತಾಗುತ್ತದೆ.

ಆರೈಕೆ ಮಾಡುವವರನ್ನೂ ಕಾಡುವ ‘ಬರ್ನೌಟ್’ ಎಂಬ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗವೆನ್ನದೆ, ನಿಭಾಯಿಸದೆ ಉಳಿದ ಕೆಲಸದ ಒತ್ತಡದ ಫಲವೆಂದು ವಿವರಿಸಿತು. ಆದ್ದರಿಂದ ಸಾಕಷ್ಟು ಸಿಬ್ಬಂದಿ, ವಿಶ್ರಾಂತಿ, ನ್ಯಾಯವಾದ ಪಾಳಿ ಒದಗಿಸುವುದು ಆಡಳಿತದ ಹೊಣೆ. ಆರೈಕೆ ಮಾಡುವವರ ಮಾತನ್ನು ಕೇಳಿಸಿಕೊಳ್ಳುವುದೂ ಶುಶ್ರೂಷೆಯೇ.